ಎಣಿಕೆಗೆ ಸಿಕ್ಕ ಹಾಡು, ಸಿಗದ ಹಾಡು

1998ರ ಫೆಬ್ರವರಿ 22, ಭಾನುವಾರ ಸಂಜೆ. ಬಿಬಿಸಿಯ ರೇಡಿಯೊ ಒನ್ ಕೇಂದ್ರದಿಂದ ಆ ವಾರದ ನಲವತ್ತು ಜನಪ್ರಿಯ ಹಾಡುಗಳ ಪಟ್ಟಿ ಎಂದಿನಂತೆ ಕೆಳಗಿನಿಂದ ಮೇಲಕ್ಕೆ ಬಿತ್ತರವಾಗುತ್ತಿತ್ತು. ಏಳು ಗಂಟೆಗೆ ಸ್ವಲ್ಪ ಮುಂಚೆ ಮೊದಲ ಸ್ಥಾನದ ಹಾಡಿನ ಸರದಿ. ಹಿಂದಿನ ವಾರ ಅಲ್ಲಿದ್ದುದು 'ಟೈಟಾನಿಕ್' ಚಿತ್ರಕ್ಕಾಗಿ ಸೆಲೀನ್ ದಿಯಾನ್ ಹಾಡಿದ, ಜಗತ್ತೆಲ್ಲ ಕೇಳಿ ಕಣ್ಣೊರೆಸಿಕೊಂಡ ಗೀತೆ. ಅದನ್ನು ಕೆಳಗಿಳಿಸಿ, ಒಂದೊಂದೇ ಮೆಟ್ಟಿಲು ಹತ್ತುವ ಗೋಜಿಲ್ಲದೆ ನೇರವಾಗಿ ಬಂದು ಕುಳಿತ ಹೊಸ ಹಾಡಿನ ಹೆಸರು 'ಬ್ರಿಮ್‌ಫುಲ್ ಆಫ್ ಆಶಾ'. ಈ ಆಶಾ ಬೇರಾರೂ ಅಲ್ಲ, 1933ರಲ್ಲಿ ಸಾಂಗ್ಲಿಯಲ್ಲಿ ಹುಟ್ಟಿ, ಹಿಂದಿ ಚಿತ್ರಗಳ ಹಿನ್ನೆಲೆ ಗಾಯನದಲ್ಲಿ ಅರ್ಧ ಶತಮಾನ ಮೆರೆದ ಆಶಾ ಭೋಸ್ಲೆ. ಅವರ ಹೆಸರಿಗೂ 'ಭರವಸೆ' ಎಂಬ ಅರ್ಥಕ್ಕೂ ಸೇರಿಸಿ ಕಟ್ಟಿದ ಶ್ಲೇಷೆ ಅದು. ಅಂಚಿನವರೆಗೆ ತುಂಬಿದ ಆಶೆ ಎಂದುಕೊಂಡರೂ ಸರಿ, ಆಶಾ ಎಂದುಕೊಂಡರೂ ಸರಿ.

ಹಾಡನ್ನು ಬರೆದು ಹಾಡಿದವರು ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕಾ ಊರಿನಲ್ಲಿ ಹುಟ್ಟಿದ ಪಂಜಾಬಿ ಮೂಲದ ತಜಿಂದರ್ ಸಿಂಗ್. ಅವರ ತಂಡದ ಹೆಸರು 'ಕಾರ್ನರ್‌ಶಾಪ್', ಅಂದರೆ ಬೀದಿ ಮೂಲೆಯ ಅಂಗಡಿ. ಲಂಡನ್ನಿನಿಂದ ಲೆಸ್ಟರ್‌ವರೆಗೆ ಹಾಲು, ಬ್ರೆಡ್ಡು, ಪತ್ರಿಕೆ, ಸಿಗರೇಟು ಮಾರುತ್ತ ರಾತ್ರಿಯವರೆಗೂ ಬಾಗಿಲು ತೆರೆದಿರುತ್ತಿದ್ದ ಅಂಗಡಿಗಳನ್ನು ನಡೆಸುತ್ತಿದ್ದವರಲ್ಲಿ ಗುಜರಾತಿಗಳು, ಪಂಜಾಬಿಗಳು ಬಹಳ. 'ಇಂಡಿಯನ್ ಎಂದರೆ ಅಂಗಡಿಯವನು' ಎಂಬ ಬಿಳಿಯರ ಹಗುರ ಮಾತನ್ನೇ ತಂಡ ತನ್ನ ಹೆಸರಾಗಿ ಇಟ್ಟುಕೊಂಡಿತ್ತು.

ಒಂದೇ ವಾರ ಆ ಹಾಡು ಪಟ್ಟಿಯ ತುದಿಯಲ್ಲಿತ್ತು. ಮುಂದಿನ ಭಾನುವಾರ ಮಡೋನಾ ಬಂದು ಅದನ್ನು ಇಳಿಸಿದರು. ಅದರ ಮುಂದಿನ ವಾರ ಮತ್ತೆ ಸೆಲೀನ್ ದಿಯಾನ್. ಆ ವರ್ಷದ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗಿನ ಒಂಬತ್ತು ಪಟ್ಟಿಗಳನ್ನು ತೆಗೆದು ನೋಡಿದರೆ ಏಳು ಬೇರೆ ಬೇರೆ ಹಾಡುಗಳು ಅಗ್ರಸ್ಥಾನದಲ್ಲಿ ಕಾಣುತ್ತವೆ. ಇಷ್ಟು ಬೇಗ ಹತ್ತಿ ಇಷ್ಟು ಬೇಗ ಇಳಿಯುವ ಸಿಂಹಾಸನಕ್ಕೆ ಬೆಲೆಯಾದರೂ ಏನು ಎಂಬ ಪ್ರಶ್ನೆ ಸಹಜ. ಆ ಸಿಂಹಾಸನ ಅಷ್ಟು ಸಡಿಲವಾಗಿರದಿದ್ದರೆ ಆಶಾ ಭೋಸ್ಲೆಯ ಹೆಸರು ಅಲ್ಲಿಗೆ ಏರುತ್ತಿತ್ತೇ ಎಂಬ ಇನ್ನೊಂದು ಪ್ರಶ್ನೆಯೂ ಅದರ ಬೆನ್ನಿಗೇ ಇದೆ. ಎರಡಕ್ಕೂ ಉತ್ತರ ಬೇಕಾದರೆ ಪಟ್ಟಿ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ಟೆಲಿಫೋನಿನಿಂದ ಬಾರ್‌ಕೋಡಿಗೆ

ಹಾಡುಗಳಿಗೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುವ ಚಟ ನಮಗೆ ಹೊಸದಲ್ಲ. ಬುಧವಾರ ರಾತ್ರಿ ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ'ಕ್ಕೆ ಕಾದು ಕುಳಿತವರು ಕರ್ನಾಟಕದಲ್ಲೂ ಮನೆಮನೆಗೆ ಇದ್ದರು. ಈ ವಾರ ಯಾವ ಹಾಡು ಯಾವ 'ಪಾಯ್‌ದಾನ್' ಮೇಲೆ ಎಂದು ಪಣ ಕಟ್ಟಿದವರೂ ಉಂಟು. ಆ ಕಾರ್ಯಕ್ರಮ ಆರಂಭವಾದದ್ದು 1952ರ ಡಿಸೆಂಬರ್‌ನಲ್ಲಿ. ಕಾಕತಾಳೀಯವೆಂದರೆ, ಬ್ರಿಟನ್ನಿನ ಮೊದಲ ಪಟ್ಟಿಯೂ ಅದಕ್ಕೆ ಮೂರು ವಾರ ಹಿಂದಷ್ಟೇ, 1952ರ ನವೆಂಬರ್ 14ರಂದು, 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಎಂಬ ವಾರಪತ್ರಿಕೆಯಲ್ಲಿ ಅಚ್ಚಾಗಿತ್ತು. ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಸುಮಾರು ಇಪ್ಪತ್ತು ಅಂಗಡಿಗಳಿಗೆ ಫೋನು ಮಾಡಿ, ಯಾವ ತಟ್ಟೆ ಹೆಚ್ಚು ಹೋಯಿತು ಎಂದು ಕೇಳಿ ಬರೆದುಕೊಂಡರು. ಅಷ್ಟೇ ಅದರ ಗಣಿತ. ಮೊದಲ ಸ್ಥಾನ ಪಡೆದದ್ದು ಅಮೆರಿಕದ ಅಲ್ ಮಾರ್ಟಿನೋ ಎಂಬ ಗಾಯಕನ ಹಾಡು.

ನಮ್ಮ ಗೀತ್‌ಮಾಲಾದಲ್ಲಿ ಅಂಗಡಿಗಳ ಮಾರಾಟದ ಜೊತೆಗೆ ಶ್ರೋತೃ ಸಂಘಗಳ ಅಭಿಪ್ರಾಯಕ್ಕೂ ಜಾಗವಿತ್ತು. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಮಾರಾಟವೊಂದೇ ಮಾನದಂಡ. ಹಾಡನ್ನು ರೇಡಿಯೊ ಎಷ್ಟು ಸಲ ಹಾಕಿತು, ಜನ ಎಷ್ಟು ಗುನುಗಿದರು ಎಂಬುದಕ್ಕೆ ಕಿಮ್ಮತ್ತಿಲ್ಲ. ಯಾರೋ ಒಬ್ಬರು ಜೇಬಿಗೆ ಕೈಹಾಕಿ ಕೊಂಡರೆ ಒಂದು ಅಂಕ. ಹುಡುಗಿಯೊಬ್ಬಳು ಮೆಚ್ಚಿ ಕೊಂಡರೂ ಒಂದೇ, ಅಜ್ಜಿ ಮೊಮ್ಮಗನಿಗೆಂದು ಕೊಂಡರೂ ಒಂದೇ. 1983ರಿಂದ ಈ ಎಣಿಕೆಗೆ ಗಣಕಯಂತ್ರಗಳು ಬಂದವು. ಆ ವರ್ಷ ಗ್ಯಾಲಪ್ ಸಂಸ್ಥೆಯೂ, 1994ರಲ್ಲಿ ಮಿಲ್ವರ್ಡ್ ಬ್ರೌನ್ ಸಂಸ್ಥೆಯೂ ಗುತ್ತಿಗೆ ಹಿಡಿದವು. ತೊಂಬತ್ತರ ದಶಕದ ಹೊತ್ತಿಗೆ ಅಂಗಡಿಯ ಗಲ್ಲಾದ ಮೇಲೆ ಬಾರ್‌ಕೋಡಿನ ಮೇಲೆ ಬೆಳಕು ಹಾಯಿಸಿದರೆ ಸಾಕು, ಆ ಮಾರಾಟ ಲೆಕ್ಕಕ್ಕೆ ಸೇರುತ್ತಿತ್ತು. ಒಂದು ಷರತ್ತು ಮಾತ್ರ ಇತ್ತು: ಅಂಗಡಿ ಆ ಎಣಿಕೆಯ ಜಾಲದೊಳಗೆ ಇರಬೇಕು. ವುಲ್‌ವರ್ತ್ಸ್, ಎಚ್‌ಎಂವಿ, ಅವರ್ ಪ್ರೈಸ್, ವರ್ಜಿನ್ ಮುಂತಾದ ದೊಡ್ಡ ಮಳಿಗೆಗಳೂ ಕೆಲವು ಸ್ವತಂತ್ರ ರೆಕಾರ್ಡ್ ಅಂಗಡಿಗಳೂ ಜಾಲದೊಳಗಿದ್ದವು. ಈ ಷರತ್ತು ಮುಂದೆ ಬೇಕಾಗುತ್ತದೆ.

ಮೊದಲ ವಾರದ ಮೋಹ

ಹಳೆಯ ಕಾಲದಲ್ಲಿ ಹಾಡು ಪಟ್ಟಿಯ ಬುಡದಲ್ಲಿ ಕಾಣಿಸಿಕೊಂಡು, ರೇಡಿಯೊದಲ್ಲಿ ಕೇಳಿದವರು ಕೊಂಡು, ಅವರ ಮನೆಗೆ ಹೋದವರು ಕೇಳಿ, ಅವರೂ ಕೊಂಡು, ಹೀಗೆ ವಾರಗಟ್ಟಲೆ ಏರಿ ತುದಿ ಮುಟ್ಟುತ್ತಿತ್ತು. ತೊಂಬತ್ತರ ದಶಕದ ಮಧ್ಯದಲ್ಲಿ ಕಂಪನಿಗಳು ಈ ಕ್ರಮವನ್ನೇ ತಲೆಕೆಳಗು ಮಾಡಿದವು. ಹಾಡನ್ನು ಅಂಗಡಿಗೆ ಬಿಡುವ ಎಷ್ಟೋ ವಾರಗಳ ಮೊದಲೇ ರೇಡಿಯೊಗೂ ಸಂಗೀತದ ಟಿ.ವಿ. ವಾಹಿನಿಗಳಿಗೂ ಕೊಡುವುದು, ಕೇಳಿ ಕೇಳಿ ಜನ ಹಸಿಯುವಂತೆ ಮಾಡುವುದು, ಕೊನೆಗೊಂದು ಸೋಮವಾರ ಎಲ್ಲ ಅಂಗಡಿಗಳಿಗೂ ಒಟ್ಟಿಗೆ ಬಿಡುವುದು. ಆ ಮೊದಲ ವಾರ ಬೆಲೆಯಲ್ಲೂ ರಿಯಾಯಿತಿ. ಎರಡು ಪೌಂಡಿಗೆ ಒಂದು ಪೆನ್ನಿ ಕಡಿಮೆಗೆ ಸಿಕ್ಕ ಸಿ.ಡಿ. ಮುಂದಿನ ವಾರ ನಾಲ್ಕು ಪೌಂಡಿನ ಹತ್ತಿರಕ್ಕೆ ಜಿಗಿಯುವುದು ಸಾಮಾನ್ಯವಾಗಿತ್ತು. ಶಾಲೆಗೆ ಹೋಗುವ ಮಕ್ಕಳ ಪಾಕೆಟ್ ಮನಿಯೇ ಮುಖ್ಯ ಬಂಡವಾಳವಾದ ವ್ಯಾಪಾರದಲ್ಲಿ ಈ ಎರಡು ಪೌಂಡಿನ ವ್ಯತ್ಯಾಸ ಸಣ್ಣದಲ್ಲ. ಸಾಲದ್ದಕ್ಕೆ ಒಂದೇ ಹಾಡಿಗೆ ಎರಡು ಬಗೆಯ ಸಿ.ಡಿ.ಗಳು, ಒಂದೊಂದರಲ್ಲೂ ಬೇರೆ ಬೇರೆ ಹೆಚ್ಚುವರಿ ಹಾಡುಗಳು. ಅಭಿಮಾನಿ ಎರಡನ್ನೂ ಕೊಳ್ಳುತ್ತಾನೆ, ಪಟ್ಟಿಯಲ್ಲಿ ಎರಡು ಅಂಕ ಬೀಳುತ್ತವೆ.

ಈ ಲೆಕ್ಕಾಚಾರ ಸಾರ್ವಜನಿಕ ಜಾತ್ರೆಯಾದದ್ದು 1995ರ ಆಗಸ್ಟ್‌ನಲ್ಲಿ. ಬ್ಲರ್ ಮತ್ತು ಓಯಸಿಸ್ ಎಂಬ ಎರಡು ತಂಡಗಳು ಒಂದೇ ದಿನ ಒಂದೊಂದು ಹಾಡು ಬಿಟ್ಟವು. ದಕ್ಷಿಣ ಇಂಗ್ಲೆಂಡಿನ ಓದಿದ ಹುಡುಗರು ಒಂದು ಕಡೆ, ಮ್ಯಾಂಚೆಸ್ಟರ್‌ನ ಕಾರ್ಮಿಕ ಕುಟುಂಬದ ಹುಡುಗರು ಇನ್ನೊಂದು ಕಡೆ ಎಂದು ಪತ್ರಿಕೆಗಳು ಕುಸ್ತಿಯ ಅಖಾಡ ಕಟ್ಟಿದವು. ಟಿ.ವಿ. ವಾರ್ತೆಯಲ್ಲೂ ಅದೇ ಸುದ್ದಿ. ವಾರದ ಕೊನೆಗೆ ಬ್ಲರ್ 2 ಲಕ್ಷ 74 ಸಾವಿರ, ಓಯಸಿಸ್ 2 ಲಕ್ಷ 16 ಸಾವಿರ. ಗೆದ್ದ ತಂಡ ಎರಡು ಬಗೆಯ ಸಿ.ಡಿ. ಮಾರಿತ್ತು ಎಂಬುದನ್ನು ಸೋತವರ ಕಡೆಯವರು ಬಹಳ ಕಾಲ ಮರೆಯಲಿಲ್ಲ.

ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. 1992ರಲ್ಲಿ ಇಡೀ ವರ್ಷಕ್ಕೆ ಹೊಸದಾಗಿ ಮೊದಲ ಸ್ಥಾನಕ್ಕೇರಿದವು ಹನ್ನೆರಡು ಹಾಡುಗಳು. ಹೆಚ್ಚುಕಡಿಮೆ ತಿಂಗಳಿಗೊಂದು. 1999ರಲ್ಲಿ ಅವು ಮೂವತ್ತೈದರ ಆಸುಪಾಸಿಗೆ ಬಂದವು, 2000ದಲ್ಲಿ ನಲವತ್ತನ್ನೂ ದಾಟಿದವು. ಮೊದಲ ವಾರ ಎಲ್ಲ ಅಭಿಮಾನಿಗಳೂ ಕೊಂಡು ಮುಗಿಸುತ್ತಿದ್ದರು. ಎರಡನೆಯ ವಾರ ಬೆಲೆ ಏರುತ್ತಿತ್ತು, ಕೊಳ್ಳುವವರು ಉಳಿದಿರುತ್ತಿರಲಿಲ್ಲ, ಹಾಡು ಕಲ್ಲಿನಂತೆ ಬೀಳುತ್ತಿತ್ತು. ನಂಬರ್ ಒನ್ ಎಂಬುದು ದೇಶದ ಮೆಚ್ಚುಗೆಯ ಅಳತೆಯಾಗಿ ಉಳಿಯಲಿಲ್ಲ. ಮೊದಲ ವಾರದೊಳಗೆ ಎಷ್ಟು ಅಭಿಮಾನಿಗಳನ್ನು ಅಂಗಡಿಗೆ ಹೊರಡಿಸಲು ಸಾಧ್ಯ ಎಂಬ ಕಂಪನಿಯ ಸಂಘಟನಾ ಶಕ್ತಿಯ ಅಳತೆಯಾಯಿತು. ಐರ್ಲೆಂಡಿನ ವೆಸ್ಟ್‌ಲೈಫ್ ತಂಡ 1999 ಒಂದರಲ್ಲೇ ನಾಲ್ಕು ಸಲ ತುದಿ ಮುಟ್ಟಿತು ಎಂದರೆ ಈ ವಿದ್ಯೆ ಎಷ್ಟು ಪಳಗಿತ್ತೆಂದು ಊಹಿಸಬಹುದು.

ಎಲ್ಲವೂ ಹಾಗಿರಲಿಲ್ಲ, ನಿಜ. ಆಲ್ ಸೇಂಟ್ಸ್ ಎಂಬ ಹುಡುಗಿಯರ ತಂಡದ ಹಾಡೊಂದು 1997ರ ನವೆಂಬರ್‌ನಲ್ಲಿ ಬಂದು, ಹಳೆಯ ಕ್ರಮದಲ್ಲೇ ತೆವಳುತ್ತ 1998ರ ಜನವರಿಯಲ್ಲಿ ತುದಿ ತಲುಪಿತು. 1998ರ ಕೊನೆಯಲ್ಲಿ, ಐವತ್ತು ದಾಟಿದ್ದ ಷೆರ್ ಎಂಬ ಗಾಯಕಿ ಯಂತ್ರದಿಂದ ಕಂಠವನ್ನು ತಿರುಚಿ ಹಾಡಿದ ಹಾಡು ಏಳು ವಾರ ಅಲುಗಾಡಲಿಲ್ಲ. ರಾಜಕುಮಾರಿ ಡಯಾನಾ ತೀರಿಕೊಂಡ ಮೇಲೆ, 1997ರ ಸೆಪ್ಟೆಂಬರ್‌ನಲ್ಲಿ ಎಲ್ಟನ್ ಜಾನ್ ತಮ್ಮ ಹಳೆಯ ಹಾಡೊಂದಕ್ಕೆ ಹೊಸ ಮಾತು ಜೋಡಿಸಿ ಬಿಟ್ಟ ತಟ್ಟೆಯ ಕತೆಯೇ ಬೇರೆ. ಮೊದಲ ದಿನವೇ ಆರೂವರೆ ಲಕ್ಷ, ವಾರದಲ್ಲಿ ಹದಿನೈದು ಲಕ್ಷ ಪ್ರತಿಗಳು ಖರ್ಚಾದವು. ಹೂಗುಚ್ಛ ಇಡಲು ಲಂಡನ್ನಿಗೆ ಹೋಗಲಾಗದವರು ಸಿ.ಡಿ. ಕೊಂಡು ಸಮಾಧಾನ ಪಟ್ಟರು ಎಂದರೂ ತಪ್ಪಿಲ್ಲ.

ಮೂರು ಚಳಿಗಾಲ, ಮೂರು ಹೆಸರು

ಈ ಸಡಿಲ ಸಿಂಹಾಸನದಲ್ಲಿ 1996ರಿಂದ 1998ರವರೆಗೆ, ಸತತ ಮೂರು ಚಳಿಗಾಲಗಳಲ್ಲಿ, ಭಾರತೀಯ ಮೂಲದ ಮೂವರು ಕುಳಿತು ಎದ್ದರು. ಯಾರೂ ಯೋಜಿಸಿದ್ದಲ್ಲ, ಮೂವರ ಸಂಗೀತಕ್ಕೂ ಒಂದಕ್ಕೊಂದು ಸಂಬಂಧವೂ ಇಲ್ಲ.

ಮೊದಲಿಗರು ಜಸ್ ಮಾನ್. ಅವರು ಬೆಳೆದದ್ದೂ ವುಲ್ವರ್‌ಹ್ಯಾಂಪ್ಟನ್ನಿನಲ್ಲೇ. 'ಬ್ಯಾಬಿಲಾನ್ ಜೂ' ಎಂಬ ಹೆಸರಿನಲ್ಲಿ ಅವರು ಮಾಡಿದ 'ಸ್ಪೇಸ್‌ಮನ್' ಹಾಡಿನ ಒಂದು ತುಣುಕನ್ನು ಲೀವೈಸ್ ಜೀನ್ಸ್ ಕಂಪನಿ ಟಿ.ವಿ. ಜಾಹೀರಾತಿಗೆ ಬಳಸಿಕೊಂಡಿತು. ವೇಗ ಹೆಚ್ಚಿಸಿ ಕೀರಲಾಗಿಸಿದ ಆ ದನಿ ಇಡೀ ದೇಶದ ಕಿವಿಗೆ ಅಂಟಿಕೊಂಡಿತು. 1996ರ ಜನವರಿಯಲ್ಲಿ ಹಾಡು ಹೊರಬಂದ ಮೊದಲ ವಾರವೇ ಸುಮಾರು ನಾಲ್ಕು ಲಕ್ಷ ಪ್ರತಿಗಳು ಮಾರಾಟವಾದವು. ಐದು ವಾರ ಅದೇ ನಂಬರ್ ಒನ್. ಮನೆಗೆ ಒಯ್ದು ಹಾಕಿದವರಿಗೆ ಒಂದು ಬೆರಗು ಕಾದಿತ್ತು. ಜಾಹೀರಾತಿನ ಕೀರಲು ದನಿ ಹಾಡಿನ ಆದಿಯಲ್ಲೂ ಅಂತ್ಯದಲ್ಲೂ ಒಂದಿಷ್ಟು ಇತ್ತು, ಅಷ್ಟೇ. ನಡುವೆ ಇದ್ದುದು ನಿಧಾನವಾದ, ಭಾರವಾದ ಗಿಟಾರಿನ ಬೇರೊಂದು ಹಾಡು. ಜೀನ್ಸ್ ಮಾರಲು ಹೋಗಿ ಹಾಡು ಮಾರಾಟವಾಯಿತು. ಅವರ ಮುಂದಿನ ಹಾಡು ಹದಿನೇಳನೆಯ ಸ್ಥಾನಕ್ಕೆ ನಿಂತಿತು.

ಎರಡನೆಯವರು ಜ್ಯೋತಿ ಮಿಶ್ರಾ. ಹುಟ್ಟಿದ್ದು ಒಡಿಶಾದ ರೂರ್ಕೆಲಾದಲ್ಲಿ, 1966ರಲ್ಲಿ. ಮೂರರ ಮಗುವಾಗಿದ್ದಾಗ ತಂದೆತಾಯಿಯ ಜೊತೆ ಇಂಗ್ಲೆಂಡಿಗೆ ಹೋದವರು. ಡರ್ಬಿ ಪಟ್ಟಣದ ತಮ್ಮ ಮನೆಯಲ್ಲೇ, ಕ್ಯಾಸೆಟ್ ಮೇಲೆ ಎಂಟು ಪದರಗಳಲ್ಲಿ ಧ್ವನಿ ಹಿಡಿಯುವ ಸಾಧಾರಣ ಯಂತ್ರ ಇಟ್ಟುಕೊಂಡು ಒಬ್ಬರೇ ಹಾಡು ಕಟ್ಟುತ್ತಿದ್ದರು. ಅದಕ್ಕೆ ಅವರು ಕೊಟ್ಟುಕೊಂಡ ಹೆಸರು 'ವೈಟ್ ಟೌನ್', ಬಿಳಿಯರ ಊರು. ಬಿಳಿಯರೇ ತುಂಬಿದ ಊರಿನಲ್ಲಿ ಕಂದು ಮೈಬಣ್ಣದ ಹುಡುಗನಾಗಿ ಬೆಳೆದ ಅನುಭವದ ನೆನಪು. 1932ರ ಒಂದು ಹಳೆಯ ತಟ್ಟೆಯಿಂದ ಕಹಳೆಯ ಸ್ವರಗಳನ್ನು ಎತ್ತಿಕೊಂಡು, ಗಂಡು ದನಿಯಲ್ಲಿ ಹೆಣ್ಣಿನ ಮಾತನ್ನೂ ಬೆರೆಸಿ ಮಾಡಿದ 'ಯುವರ್ ವುಮನ್' ಎಂಬ ಅವರ ಹಾಡನ್ನು ಮೊದಲು ಬಿಡುಗಡೆ ಮಾಡಿದ್ದು ಅಮೆರಿಕದ ಒಂದು ಪುಟ್ಟ ಕಂಪನಿ. ರೇಡಿಯೊ ಒನ್ ಅದನ್ನು ಹಿಡಿದುಕೊಂಡಿತು, ದೊಡ್ಡ ಕಂಪನಿ ಓಡಿ ಬಂದು ಸಹಿ ಹಾಕಿಸಿಕೊಂಡಿತು. 1997ರ ಜನವರಿಯಲ್ಲಿ ಒಂದು ವಾರ ಅದು ಬ್ರಿಟನ್ನಿನ ನಂಬರ್ ಒನ್. ಕ್ರಿಸ್ಮಸ್ ಖರೀದಿ ಮುಗಿದು ಜನರ ಜೇಬು ಬರಿದಾಗಿರುವ ಜನವರಿಯಲ್ಲಿ ಕಡಿಮೆ ಮಾರಾಟದಲ್ಲೇ ತುದಿ ಮುಟ್ಟಬಹುದು ಎಂಬುದು ವ್ಯಾಪಾರಿಗಳಿಗೆ ಗೊತ್ತಿದ್ದ ಗುಟ್ಟು. ಬೇಸಿಗೆಯಲ್ಲೋ ಡಿಸೆಂಬರ್‌ನಲ್ಲೋ ಬಂದಿದ್ದರೆ ಮನೆಯ ಕೋಣೆಯಲ್ಲಿ ಹುಟ್ಟಿದ ಆ ಹಾಡಿಗೆ ದಾರಿ ಇಷ್ಟು ಸುಲಭವಾಗಿರುತ್ತಿರಲಿಲ್ಲ.

ಭಾರತದ ನಂಟಿದ್ದವರು ಅದಕ್ಕೆ ಮೊದಲೂ ತುದಿ ಮುಟ್ಟಿರಲಿಲ್ಲ ಎಂದಲ್ಲ. ಮದರಾಸಿನಲ್ಲಿ ಹುಟ್ಟಿದ ಎಂಗಲ್‌ಬರ್ಟ್ ಹಂಪರ್‌ಡಿಂಕ್ 1967ರಲ್ಲಿ ಆರು ವಾರ ಅಗ್ರಸ್ಥಾನ ಹಿಡಿದು ಬೀಟಲ್ಸ್‌ಗೇ ತಡೆಯಾಗಿದ್ದರು. ಲಖನೌದಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್ ಐವತ್ತರ ದಶಕದಿಂದ ತೊಂಬತ್ತರ ದಶಕದವರೆಗೆ ಒಂದೊಂದು ದಶಕದಲ್ಲೂ ನಂಬರ್ ಒನ್ ಆದರು. ಕೊನೆಯದಂತೂ 1999ರ ಡಿಸೆಂಬರ್‌ನಲ್ಲಿ, ಕ್ರೈಸ್ತರ ಪ್ರಾರ್ಥನೆಯನ್ನು ಹೊಸವರ್ಷದ ಹಳೆಯ ಸ್ಕಾಟಿಷ್ ಧಾಟಿಗೆ ಹಾಡಿದ್ದು. ಅವರ ಹಳೆಯ ಕಂಪನಿ ಅದನ್ನು ಬೇಡವೆಂದಿತ್ತು. ಪಂಚಗನಿಯ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫರೂಕ್ ಬುಲ್ಸಾರಾ, ಫ್ರೆಡ್ಡಿ ಮರ್ಕ್ಯುರಿಯಾಗಿ 1975ರಲ್ಲಿ 'ಕ್ವೀನ್' ತಂಡವನ್ನು ತುದಿಗೇರಿಸಿದರು. ಮೂವರಿಗೂ ವೇದಿಕೆಯ ಹೆಸರು ಬೇರೆ, ಮನೆಯ ಹೆಸರು ಬೇರೆ. ಮೊದಲ ಇಬ್ಬರು ಬ್ರಿಟಿಷ್ ಕುಟುಂಬದವರು, ಅವರ ಮಾತು ಬಿಡಬಹುದು. ಫ್ರೆಡ್ಡಿಯ ಅಭಿಮಾನಿಗಳಲ್ಲಿ ಎಷ್ಟೋ ಮಂದಿಗೆ ಅವರ ಮೂಲ ತಿಳಿದದ್ದು 1991ರಲ್ಲಿ ಅವರು ತೀರಿಕೊಂಡ ಮೇಲೆ.

ಇವರ ಸಾಲಿನಲ್ಲಿ ಕನ್ನಡನಾಡು ಹೆಮ್ಮೆಯಿಂದ ಸೇರಿಸಬೇಕಾದ ಹೆಸರು ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಬೆಳೆದ ಈ ಕೊಡವ ತರುಣ ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ, ಸಂಗೀತ ನಿರ್ಮಾಪಕರಾಗಿ ಎರಡು ಸಲ ಬ್ರಿಟನ್ನಿನ ಪಟ್ಟಿಯ ತುದಿ ಮುಟ್ಟಿದರು. 1974ರ 'ಕುಂಗ್ ಫೂ ಫೈಟಿಂಗ್' ಒಂದು, 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಇನ್ನೊಂದು. 'ಕುರ್ಬಾನಿ' ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಗೀತೆಯನ್ನು ಕುಣಿದು ಸವಿದವರಿಗೆ ಅದರ ಸಂಗೀತ ಇವರದೇ ಎಂಬುದು ನೆನಪಿದ್ದೀತು. ಆದರೆ ಅವರೂ ತೆರೆಯ ಹಿಂದಿನವರು. ಕೊಳ್ಳುವವರ ಕಣ್ಣಿಗೆ ಬೀಳುತ್ತಿದ್ದುದು ಹಾಡುವವರ ಹೆಸರು.

ಹೆಸರನ್ನೂ ಮುಖವನ್ನೂ ಭಾಷೆಯನ್ನೂ ಬದಲಿಸದೆ ಬಂದವರು ತಜಿಂದರ್ ಸಿಂಗ್. ಅವರು ಹುಟ್ಟಿದ 1968ರಲ್ಲೇ, ಅವರ ಊರನ್ನು ಪ್ರತಿನಿಧಿಸುತ್ತಿದ್ದ ಸಂಸದ ಈನಾಕ್ ಪವೆಲ್, ವಲಸಿಗರಿಂದ ಬ್ರಿಟನ್ನಿನಲ್ಲಿ ರಕ್ತ ಹರಿದೀತು ಎಂಬರ್ಥದ ಕುಖ್ಯಾತ ಭಾಷಣ ಮಾಡಿದ್ದರು. ತಂಡ 1991ರಲ್ಲಿ ರೂಪುಗೊಂಡ ಲೆಸ್ಟರ್ ಪಟ್ಟಣದ್ದೂ ಅಂಥದೇ ಕತೆ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಹೊರಗಟ್ಟಿದಾಗ, ದಯವಿಟ್ಟು ನಮ್ಮ ಊರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತ್ತು. ಅವರು ಬಂದರು, ಅಂಗಡಿ ಇಟ್ಟರು. ಇಂಥ ಹಿನ್ನೆಲೆಯ ತಂಡಕ್ಕೆ ಆರಂಭದಲ್ಲಿ ಸಿಟ್ಟು ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಜನಪ್ರಿಯ ಗಾಯಕ ಮಾರಿಸ್ಸಿ ಬ್ರಿಟಿಷ್ ಧ್ವಜವನ್ನು ವೇದಿಕೆಯ ಮೇಲೆ ಆಡಿಸಿದ ರೀತಿ ಜನಾಂಗವಾದಿಗಳಿಗೆ ಕುಮ್ಮಕ್ಕು ಎಂದು ಭಾವಿಸಿ, 1992ರಲ್ಲಿ ಅವರ ಚಿತ್ರವನ್ನು ಕಂಪನಿಯ ಕಚೇರಿಯ ಮುಂದೆ ಸುಟ್ಟಿದ್ದರು. ತಂಡದ ಮೊದಲ ತಟ್ಟೆಯನ್ನು ಸಾರಿನ ಬಣ್ಣದಲ್ಲಿ ಅಚ್ಚುಹಾಕಿಸಿದ್ದರು.

ಆಶಾಳ ಹಾಡಿನ ಹೊತ್ತಿಗೆ ಸಿಟ್ಟಿನ ಜಾಗದಲ್ಲಿ ಪ್ರೀತಿ ಬಂದಿತ್ತು. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗುವ ಪುಟ್ಟ ತಟ್ಟೆಯನ್ನೇ ಹಾಡಿ ಹೊಗಳುವ ಹಾಡು ಅದು. ಆಶಾ ಜೊತೆಗೆ ಲತಾ ಮಂಗೇಶ್ಕರ್, ಮಹಮ್ಮದ್ ರಫಿ ಹೆಸರುಗಳು ಬರುತ್ತವೆ. ಆಲ್ ಇಂಡಿಯಾ ರೇಡಿಯೊ ಬರುತ್ತದೆ. ನಮ್ಮ ಮನೆಗಳ ಷೋಕೇಸಿನ ಮೇಲೆ ಕ್ರೋಷಾ ಹೊದಿಕೆ ಹೊದ್ದು ಕೂತಿರುತ್ತಿದ್ದ 'ಟೂ ಇನ್ ಒನ್' ಕೂಡ ಬರುತ್ತದೆ. ಪರದೆಯ ಹಿಂದೆ ನಿಂತು ನಾಯಕಿಯರಿಗೆ ಕಂಠ ಕೊಡುವವರು, ಸರ್ಕಾರ ಕಟ್ಟುವ ಅಣೆಕಟ್ಟುಗಳು, ಬದುಕಿನ ಭಾರಕ್ಕೆ ತಲೆಯಾನಿಸಲು ಸಿನಿಮಾ ಹಾಡು. ವಲಸೆ ಹೋದ ಮನೆಯೊಂದರಲ್ಲಿ ತಾಯ್ನಾಡು ಎಂಬುದು ಎಷ್ಟೋ ಸಲ ಒಂದು ರೆಕಾರ್ಡ್ ಪ್ಲೇಯರಿನಷ್ಟೇ ದೊಡ್ಡದಾಗಿರುತ್ತದೆ ಎಂಬುದನ್ನು ಬಲ್ಲವರ ಹಾಡು. ಆಶಾ ಭೋಸ್ಲೆ ಯಾರೆಂದು ಬ್ರಿಟನ್ನಿನ ಬಹುಪಾಲು ಕೇಳುಗರಿಗೆ ಗೊತ್ತಿರಲಿಲ್ಲ. ಪಲ್ಲವಿಯನ್ನು ಮಾತ್ರ ಎಲ್ಲರೂ ಹಾಡಿದರು.

ಇಲ್ಲೂ ಒಂದು ತಿರುವಿದೆ. ಹಾಡು ಮೊದಲು ಬಿಡುಗಡೆಯಾದದ್ದು 1997ರ ಆಗಸ್ಟ್‌ನಲ್ಲಿ. ಅದು ತಲುಪಿದ್ದು ಅರುವತ್ತನೆಯ ಸ್ಥಾನ. ರೇಡಿಯೊ ಒನ್‌ನಲ್ಲಿ ಜಾನ್ ಪೀಲ್ ಎಂಬ ಹಿರಿಯ ನಿರೂಪಕರ ಕೇಳುಗರು ವರ್ಷದ ಕೊನೆಗೆ ನಡೆಸಿದ ಮತದಾನದಲ್ಲಿ ಅದೇ ಹಾಡು ಮೊದಲು ಬಂತು. ಆದರೆ ಮತಕ್ಕೂ ಮಾರಾಟಕ್ಕೂ ಸಂಬಂಧವಿಲ್ಲವಷ್ಟೆ. ಹಾಡನ್ನು ಮೆಚ್ಚಿಕೊಂಡ ನಾರ್ಮನ್ ಕುಕ್, ಅಂದರೆ 'ಫ್ಯಾಟ್‌ಬಾಯ್ ಸ್ಲಿಮ್' ಎಂದು ಹೆಸರಾದ ಡಿ.ಜೆ., ಅದರ ಲಯವನ್ನು ಚುರುಕುಗೊಳಿಸಿ, ಶ್ರುತಿಯನ್ನು ಏರಿಸಿ, ಕೆಳಗೆ ಭಾರಿ ಡ್ರಮ್ಮಿನ ತಾಳ ಕೂಡಿಸಿದರು. ನೃತ್ಯಶಾಲೆಗಳಲ್ಲಿ, ರೇಡಿಯೊದಲ್ಲಿ ಆ ರೂಪ ಹತ್ತಿಕೊಂಡಿತು. 1998ರ ಫೆಬ್ರವರಿಯಲ್ಲಿ ಮರುಬಿಡುಗಡೆಯಾದಾಗ ಮೊದಲ ವಾರದ ಸೂತ್ರ ಪೂರ್ತಿ ಕೆಲಸ ಮಾಡಿತು. ನಿಧಾನದ ಮೂಲಕ್ಕೆ ಸಿಕ್ಕಿದ್ದು ಅರುವತ್ತು, ಓಡುವ ರೂಪಕ್ಕೆ ಒಂದು. ಎರಡನ್ನೂ ಹಾಕಿ ಕೇಳಿದರೆ ಮೂಲದಲ್ಲಿನ ಸೋಮಾರಿತನದ ಸೊಗಸೇ ಹೆಚ್ಚು ಹಿತ ಎಂದು ಅನ್ನಿಸದಿರದು. ಆದರೆ ಡಿ.ಜೆ. ಕೈಹಚ್ಚದಿದ್ದರೆ ಅದನ್ನು ಕೇಳಿದವರೇ ಕೆಲವರು.

ಜಾಲದ ಹೊರಗಿನ ಅಂಗಡಿ

ಅದೇ ವರ್ಷಗಳಲ್ಲಿ ಬ್ರಿಟನ್ನಿನ ಭಾರತೀಯರು, ಪಾಕಿಸ್ತಾನಿಗಳು ತಮ್ಮ ಮದುವೆಗಳಲ್ಲಿ, ಟ್ಯಾಕ್ಸಿಗಳಲ್ಲಿ, ಹಗಲು ಹೊತ್ತಿನ ನೃತ್ಯಕೂಟಗಳಲ್ಲಿ ಕೇಳುತ್ತಿದ್ದುದು ಕಾರ್ನರ್‌ಶಾಪನ್ನೂ ಅಲ್ಲ, ವೈಟ್ ಟೌನನ್ನೂ ಅಲ್ಲ. ಅವರದು ಭಾಂಗ್ಡಾ. ಪಂಜಾಬಿನ ಸುಗ್ಗಿಯ ಕುಣಿತಕ್ಕೆ ಢೋಲಿನ ಜೊತೆ ಸಿಂಥಸೈಜರ್ ಸೇರಿಸಿ ಸೌತ್‌ಹಾಲ್, ಬರ್ಮಿಂಗ್‌ಹ್ಯಾಂಗಳಲ್ಲಿ ಬೆಳೆದ ಸಂಗೀತ. ಆಲಾಪ್, ಹೀರಾ ಮುಂತಾದ ತಂಡಗಳು, ಮಲ್ಕಿತ್ ಸಿಂಗ್‌ರಂಥ ಗಾಯಕರು ಎಂಬತ್ತರ ದಶಕದಿಂದಲೇ ಸಾವಿರಗಟ್ಟಲೆ ಜನರನ್ನು ಕುಣಿಸುತ್ತಿದ್ದರು. ಆದರೆ ಆ ವರ್ಷಗಳ ಪಟ್ಟಿಗಳನ್ನು ಹುಡುಕಿದರೆ ಅವರ ಹೆಸರು ಸಿಗುವುದು ದುರ್ಲಭ.

ಕಾರಣ ರುಚಿಯಲ್ಲ, ಗಲ್ಲಾ. ಭಾಂಗ್ಡಾ ಮಾರಾಟವಾಗುತ್ತಿದ್ದುದು ಮುಖ್ಯವಾಗಿ ಕ್ಯಾಸೆಟ್ಟಿನಲ್ಲಿ. ಆ ಕ್ಯಾಸೆಟ್ಟು ಸಿಗುತ್ತಿದ್ದುದು ಅಕ್ಕಿ, ಮಸಾಲೆ, ಸೀರೆ, ಮಿಠಾಯಿಗಳ ಅಂಗಡಿಯಲ್ಲಿ, ಕೊತ್ತಂಬರಿ ಕಟ್ಟಿನ ಪಕ್ಕದಲ್ಲಿ. ಬೆಲೆ ಕಡಿಮೆ, ಮಾರಾಟ ಜೋರು, ಕಳ್ಳಪ್ರತಿಗಳೂ ಜೋರು. ಈ ಅಂಗಡಿಗಳು ಎಣಿಕೆಯ ಜಾಲದಲ್ಲಿರಲಿಲ್ಲ. ಅಲ್ಲಿ ಎಷ್ಟೇ ಮಾರಾಟವಾದರೂ ಭಾನುವಾರ ಸಂಜೆಯ ಪಟ್ಟಿಗೆ ಅದು ಸೊನ್ನೆ. ಪಟ್ಟಿಯಲ್ಲಿ ಇಲ್ಲವೆಂದು ರೇಡಿಯೊ ಹಾಕುತ್ತಿರಲಿಲ್ಲ. ರೇಡಿಯೊದಲ್ಲಿ ಇಲ್ಲವೆಂದು ದೊಡ್ಡ ಮಳಿಗೆಗಳು ತರಿಸುತ್ತಿರಲಿಲ್ಲ. ಮಳಿಗೆಗಳಲ್ಲಿ ಇಲ್ಲವೆಂದು ಪಟ್ಟಿಗೆ ಬರುತ್ತಿರಲಿಲ್ಲ. 'ಮೂಲೆ ಅಂಗಡಿ' ಎಂಬ ಹೆಸರಿನ ತಂಡ ದೊಡ್ಡ ಮಳಿಗೆಗಳ ಮೂಲಕ ದೇಶದ ನಂಬರ್ ಒನ್ ಆದಾಗಲೂ, ನಿಜವಾದ ಮೂಲೆ ಅಂಗಡಿಯಲ್ಲಿ ಆ ವಾರ ಬಿಕರಿಯಾದ ಹಾಡುಗಳನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಇದೇ ಹೊತ್ತಿನಲ್ಲಿ ಬಿಳಿಯ ಗಾಯಕರು ಭಾರತವನ್ನು ಹಾಡಿದಾಗ ಆ ತೊಡಕು ಇರಲಿಲ್ಲ ಎಂಬುದನ್ನೂ ಹೇಳಬೇಕು. ನಟಿ ಹೇಲಿ ಮಿಲ್ಸ್ ಅವರ ಮಗ ಕ್ರಿಸ್ಪಿಯನ್ ಮಿಲ್ಸ್ ನಾಯಕತ್ವದ 'ಕುಲಾ ಶೇಕರ್' ತಂಡ 1996ರಲ್ಲಿ ಪೂರ್ತಿ ಸಂಸ್ಕೃತದಲ್ಲೇ ಹಾಡಿದ 'ಗೋವಿಂದ' ಏಳನೆಯ ಸ್ಥಾನಕ್ಕೇರಿತು. ಅವರು ಭಕ್ತಿಯಿಂದಲೇ ಹಾಡಿದ್ದರು, ಸಂಶಯವಿಲ್ಲ. ಆದರೆ ದೊಡ್ಡ ಕಂಪನಿಯ ಬೆಂಬಲವೂ ಬಾರ್‌ಕೋಡೂ ಗೋವಿಂದನ ಹಿಂದೆ ಇದ್ದವು. ಎಣಿಕೆಯಿಂದಲ್ಲದೆ ತೀರ್ಪುಗಾರರ ಆಯ್ಕೆಯಿಂದ ಕೊಡುವ ಮರ್ಕ್ಯುರಿ ಪ್ರಶಸ್ತಿ ಮಾತ್ರ 1999ರಲ್ಲಿ ತಬಲಾ ವಾದಕ ತಲ್ವಿನ್ ಸಿಂಗ್ ಅವರ ಆಲ್ಬಮ್ಮಿಗೆ ಸಂದಿತು.

ಎಣಿಕೆಯ ವಿಧಾನ ಆಮೇಲೆ ಹಲವು ಸಲ ಬದಲಾಯಿತು. 2005ರಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಹಾಡುಗಳು ಲೆಕ್ಕಕ್ಕೆ ಸೇರಿದವು, 2014ರಲ್ಲಿ ಕೊಳ್ಳದೆ ಬರಿದೇ ಕೇಳಿದ್ದೂ ಸೇರಿತು. ಭಾನುವಾರದ ಪ್ರಕಟಣೆ 2015ರಲ್ಲಿ ಶುಕ್ರವಾರಕ್ಕೆ ಹೋಯಿತು. ಎರಡು ಪೌಂಡಿನ ಸಿ.ಡಿ. ಮಾರುತ್ತಿದ್ದ ವುಲ್‌ವರ್ತ್ಸ್ 2009ರ ಜನವರಿಯಲ್ಲಿ ಬ್ರಿಟನ್ನಿನ ತನ್ನ ಎಲ್ಲ ಬಾಗಿಲುಗಳನ್ನೂ ಮುಚ್ಚಿತು.

ಅದಕ್ಕೆ ಮೊದಲು ನಡೆದ ಒಂದು ಪ್ರಸಂಗವಿದೆ. 'ಪಂಜಾಬಿ ಎಂಸಿ' ಎಂದು ಕರೆದುಕೊಳ್ಳುವ ಕವೆಂಟ್ರಿಯ ಸಂಗೀತಗಾರರೊಬ್ಬರು ತೊಂಬತ್ತರ ದಶಕದ ಕೊನೆಯಲ್ಲೇ 'ಮುಂಡಿಯಾ ತೋ ಬಚ್ ಕೇ' ಎಂಬ ಹಾಡು ಮಾಡಿದ್ದರು. ಲಾಭ್ ಜಂಜುವಾ ಅವರ ಅಪ್ಪಟ ಪಂಜಾಬಿ ಕಂಠ, ತುಂಬಿಯ ಒಂಟಿ ತಂತಿಯ ಟಣ್ ಟಣ್, ಕೆಳಗೆ 'ನೈಟ್ ರೈಡರ್' ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯ ಧಾಟಿ. ಬ್ರಿಟನ್ನಿನ ಏಷ್ಯನ್ ಅಂಗಡಿಗಳಲ್ಲಿ ಅದು ಮಾರಾಟವಾಯಿತು, ಮದುವೆಗಳಲ್ಲಿ ಕುಣಿಸಿತು, ಎಣಿಕೆಗೆ ಸಿಗಲಿಲ್ಲ. ಕೆಲವು ವರ್ಷಗಳ ನಂತರ ಜರ್ಮನಿಯ ನೃತ್ಯಶಾಲೆಗಳಿಗೆ ಹೇಗೋ ತಲುಪಿ, 2002ರಲ್ಲಿ ಆ ದೇಶದ ಪಟ್ಟಿಯ ಎರಡನೆಯ ಸ್ಥಾನಕ್ಕೇರಿತು. ಜರ್ಮನರು ಮೆಚ್ಚಿದ ಮೇಲೆ ಬ್ರಿಟನ್ನಿನ ದೊಡ್ಡ ಮಳಿಗೆಗಳಿಗೂ ಅದು ಬಂತು. ಒಂದು ಪದವೂ ಇಂಗ್ಲಿಷಿನಲ್ಲಿಲ್ಲದ ಆ ಹಾಡು 2003ರ ಜನವರಿಯಲ್ಲಿ, ಮತ್ತೊಂದು ಚಳಿಗಾಲದ ಭಾನುವಾರ, ಐದನೆಯ ಸ್ಥಾನದಲ್ಲಿ ಬಿತ್ತರವಾಯಿತು. ಸೌತ್‌ಹಾಲಿನ ಮದುವೆ ಮನೆಗಳಿಗೆ ಅದು ಆಗಲೇ ಹಳೆಯ ಹಾಡು.